ಅಮೀರ್‌ಪೇಟೆಯಲ್ಲಿ ಎಷ್ಟು ತಿಂಗಳು?

ಹೈದರಾಬಾದಿನ ಮಾಧಾಪುರ, ಗಚ್ಚಿಬೌಲಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಕಡೆಯವರನ್ನು ‘ಎಲ್ಲಿ ಕಲಿತಿರಿ?’ ಎಂದು ಕೇಳಿ ನೋಡಿ. ಕಾಲೇಜಿನ ಹೆಸರಿಗಿಂತ ಮೊದಲು ಬಾಯಿಗೆ ಬರುವುದು ಅಮೀರ್‌ಪೇಟೆ. ನಾನೂ ಹಾಗೇ ಹೇಳುವವನು. ಅಮೀರ್ ಎಂದರೆ ಸಿರಿವಂತ. ಆ ಹೆಸರಿನ ಪೇಟೆಗೆ ಕಿಸೆ ಖಾಲಿ ಇದ್ದವರೇ ಬಂದು ಸೇರುತ್ತೇವಲ್ಲ ಎನ್ನುವುದು ನಮ್ಮ ಹಾಸ್ಟೆಲಿನಲ್ಲಿ ಹಳೆಯ ತಮಾಷೆಯಾಗಿತ್ತು.

ನೋಡದವರಿಗಾಗಿ ಸ್ವಲ್ಪ ವಿವರ. ಮೈತ್ರಿವನಂ ಕಟ್ಟಡದಿಂದ ಆದಿತ್ಯ ಎನ್‌ಕ್ಲೇವ್‌ವರೆಗೆ ಒಂದು ಸುತ್ತು ಹೊಡೆದರೆ ಸಾಕು. ಒಂದರ ಮೇಲೊಂದು ಫ್ಲೆಕ್ಸುಗಳು: ಜಾವಾ, ಪೈಥಾನ್, ಡೆವ್‌ಆಪ್ಸ್, ಸೇಲ್ಸ್‌ಫೋರ್ಸ್, ಎಸ್‌ಎಪಿ. ಸಿನಿಮಾ ಪೋಸ್ಟರಿನಲ್ಲಿ ನಾಯಕನ ಹೆಸರು ಇದ್ದಂತೆ ಪಾಠ ಹೇಳುವವರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಬೆಳಿಗ್ಗೆ ಏಳೂವರೆಗೆ ಉಚಿತ ಡೆಮೊ ಕ್ಲಾಸು. ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಯಾರೋ ದುಂಡಗೆ ಬರೆದ ನೋಟ್ಸಿನ ಪ್ರತಿ. ಹಿಂದಿನ ಗಲ್ಲಿಗಳಲ್ಲಿ, ಎಸ್.ಆರ್. ನಗರದವರೆಗೂ ಹಾಸ್ಟೆಲುಗಳು. 1990ರ ದಶಕದ ಕೊನೆಗೆ ವೈಟುಕೆ ಗಡಿಬಿಡಿಯಲ್ಲಿ ಅಮೆರಿಕಕ್ಕೆ ಪ್ರೋಗ್ರಾಮರುಗಳು ಬೇಕಾದಾಗ ಇಲ್ಲಿನ ಕ್ಲಾಸುಗಳಿಗೆ ಕಳೆ ಬಂತು. 1998ರ ನವೆಂಬರಿನಲ್ಲಿ ವಾಜಪೇಯಿ ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ ಕಲಿತವರಿಗೆ ಇದೇ ಊರಿನಲ್ಲಿ ಕೆಲಸವೂ ಸಿಗತೊಡಗಿತು. 2017ರಲ್ಲಿ ಅಮೀರ್‌ಪೇಟೆಗೆ ಮೆಟ್ರೊ ಬಂತು, 2019ರಲ್ಲಿ ಅದು ಹೈಟೆಕ್ ಸಿಟಿಗೂ ಓಡಿತು.

ನಮ್ಮವರು ಬೆಂಗಳೂರು ಬಿಟ್ಟು ಇಲ್ಲಿಗೇಕೆ ಬರುತ್ತಾರೆ ಎಂದು ದಕ್ಷಿಣದ ಗೆಳೆಯರು ಕೇಳುತ್ತಾರೆ. ನಕಾಶೆ ನೋಡಿದರೆ ಉತ್ತರ ಸಿಗುತ್ತದೆ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರು, ಬೆಂಗಳೂರಿಗೆ ಇಡೀ ರಾತ್ರಿಯ ಪ್ರಯಾಣ. 1956ರ ನವೆಂಬರ್ ಒಂದರವರೆಗೆ ನಮ್ಮ ಜಿಲ್ಲೆಗಳ ರಾಜಧಾನಿಯೇ ಇದಾಗಿತ್ತು. ಕಾಚಿಗುಡದಲ್ಲಿ ನೃಪತುಂಗ ಶಾಲೆ ಇರುವುದು ಆ ಕಾಲದ ಕನ್ನಡದ ನೆನಪಿನಿಂದಲೇ. ದವಾಖಾನೆಗೆ, ಮದುವೆಯ ಜವಳಿಗೆ ಇಲ್ಲಿಗೆ ಬಂದು ರೂಢಿಯಿದ್ದ ಮನೆಗಳು ಮಗನನ್ನೂ ಇಲ್ಲಿಗೇ ಕಳಿಸುತ್ತವೆ. ರಾಯಚೂರಿನವರಿಗೆ ತೆಲುಗು ಬರುತ್ತದೆ, ಬೀದರಿನವರಿಗೆ ದಖನಿ ಬರುತ್ತದೆ. 371 (ಜೆ) ಬಂದ ಮೇಲೆ ಓದಿಗೂ ಸರಕಾರಿ ನೌಕರಿಗೂ ಮೀಸಲಾತಿ ಸಿಕ್ಕಿದೆ, ಅದು ದೊಡ್ಡ ಉಪಕಾರ. ಆದರೆ ಸಾಫ್ಟ್‌ವೇರ್ ಕಂಪನಿಗಳು ಕಲಬುರಗಿಗೆ ಬರಲಿಲ್ಲ. ಹಾಗಾಗಿ ನಮ್ಮ ಹುಡುಗರು ಬಸ್ಸು ಹತ್ತುತ್ತಾರೆ.

ಬಡತನದಿಂದ ಬಂದು ಐಟಿಯಲ್ಲಿ ನೆಲೆ ಕಂಡವರ ಕತೆಗಳನ್ನು ಪತ್ರಿಕೆಯಲ್ಲಿ ಓದುತ್ತಿರುತ್ತೇವೆ. ಬೀದಿದೀಪದ ಕೆಳಗೆ ಓದಿದ, ಛಲ ಬಿಡಲಿಲ್ಲ, ಗೆದ್ದ. ಇವು ಸುಳ್ಳಲ್ಲ. ಆದರೆ ಇಷ್ಟು ವರ್ಷ ಇಲ್ಲಿದ್ದು, ಬಂದವರನ್ನೂ ವಾಪಸು ಹೋದವರನ್ನೂ ನೋಡಿದ ಮೇಲೆ ನನಗೆ ಅನಿಸಿರುವುದು ಬೇರೆ. ಇಬ್ಬರ ನಡುವೆ ಬುದ್ಧಿಯಲ್ಲಿ, ಛಲದಲ್ಲಿ ಅಂಥ ಅಂತರ ಇರುವುದಿಲ್ಲ. ಅಂತರ ಇರುವುದು ತಿಂಗಳುಗಳಲ್ಲಿ. ದುಡಿಮೆ ಇಲ್ಲದ ಮಗನನ್ನು, ಮಗಳನ್ನು ಒಂದು ಮನೆ ಎಷ್ಟು ತಿಂಗಳು ಊರು ಬಿಟ್ಟ ಊರಿನಲ್ಲಿ ತಾಳಿಕೊಳ್ಳಬಲ್ಲದು? ಮೂರೋ, ಆರೋ, ಒಂಬತ್ತೋ? ಬಹುಪಾಲು ಅದೇ ಅವರ ದಾರಿಯನ್ನು ತೀರ್ಮಾನಿಸುತ್ತದೆ.

ನನ್ನದೇ ಲೆಕ್ಕ ಹೇಳುತ್ತೇನೆ. ಮಾನ್ವಿ ತಾಲೂಕಿನ ಹಳ್ಳಿಯಿಂದ ಬಿಇ ಮುಗಿಸಿ 2012ರಲ್ಲಿ ಬಂದೆ. ಕೋರ್ ಜಾವಾ, ಅಡ್ವಾನ್ಸ್ ಜಾವಾ, ಒರಾಕಲ್ ಮೂರೂ ಸೇರಿ ಫೀಸು ಐದು ಸಾವಿರದೊಳಗೆ ಮುಗಿಯಿತು. ಹಾಸ್ಟೆಲ್ ತಿಂಗಳಿಗೆ ಮೂರು ಸಾವಿರ, ಒಂದು ರೂಮಿಗೆ ಆರು ಮಂದಿ. ಚಹಾ, ಝೆರಾಕ್ಸು, ಇಂಟರ್‌ವ್ಯೂಗೆ ಓಡಾಡುವ ಬಸ್ಸು, ಮೊಬೈಲ್ ರೀಚಾರ್ಜು ಎಂದು ಎಷ್ಟು ಹಿಡಿದರೂ ಇನ್ನೊಂದೂವರೆ ಸಾವಿರ. ಏಳು ತಿಂಗಳಿಗೆ ಕೆಲಸ ಸಿಕ್ಕಿತು. ಅಂದರೆ ಕಲಿತದ್ದಕ್ಕೆ ಐದು ಸಾವಿರ, ಕಲಿಯುತ್ತ ಬದುಕಿದ್ದಕ್ಕೆ ಮೂವತ್ತೊಂದೂವರೆ ಸಾವಿರ. ಈಗ ಹಾಸ್ಟೆಲ್ಲು ಆಗಿನ ಎರಡು ಪಟ್ಟು ದಾಟಿದೆ. ಕೋರ್ಸು ಬೇಕೆಂದರೆ ಯೂಟ್ಯೂಬಿನಲ್ಲಿ ಪುಕ್ಕಟೆ, ಐಐಟಿಗಳ ಎನ್‌ಪಿಟಿಇಎಲ್ ಪಾಠಗಳೂ ಪುಕ್ಕಟೆ. ಕಲಿಯುವುದು ಅಗ್ಗವಾಗುತ್ತ ಹೋಗಿದೆ, ಕಾಯುವುದು ತುಟ್ಟಿಯಾಗುತ್ತ ಹೋಗಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹಾಸ್ಟೆಲುಗಳು ಖಾಲಿಯಾದವು, ಕ್ಲಾಸುಗಳು ಆನ್‌ಲೈನ್ ಆದವು. ಇನ್ನು ಲಿಂಗಸುಗೂರಿನಲ್ಲೇ ಕೂತು ಕಲಿಯಬಹುದು, ಅಮೀರ್‌ಪೇಟೆ ಮುಗಿಯಿತು ಎಂದರು. ಮುಗಿಯಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಮಗ ಎಲ್ಲರ ಕಣ್ಣಿಗೆ ಸುಮ್ಮನೆ ಕೂತವನೇ. ಹೊಲಕ್ಕೆ ನೀರು ಬಿಟ್ಟು ಬಾ ಎನ್ನುತ್ತಾರೆ, ಸೊಸೈಟಿಗೆ ಹೋಗಿ ಗೊಬ್ಬರ ತಾ ಎನ್ನುತ್ತಾರೆ. ಎನ್ನುವುದರಲ್ಲಿ ತಪ್ಪೂ ಇಲ್ಲ. ಹಾಗಾಗಿ ಮತ್ತೆ ಬಸ್ಸು ಹತ್ತುತ್ತಾರೆ. ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ಕನಿಷ್ಠ, ತನ್ನಂತೆಯೇ ಕಾಯುತ್ತಿರುವ ಐದು ಮಂದಿ ಪಕ್ಕದ ಮಂಚಗಳಲ್ಲಿ ಇರುತ್ತಾರೆ.

ಈ ತಿಂಗಳುಗಳ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನೌಕರಿ ಮಾಡುವ ಮನೆಯವರಿಗೆ ತಿಳಿಯುವುದು ಕಷ್ಟ. ಹಾಸ್ಟೆಲಿನವನು ಒಂದನೇ ತಾರೀಕಿಗೆ ಕೈಚಾಚುತ್ತಾನೆ. ಒಕ್ಕಲುತನದ ಮನೆಗೆ ದುಡ್ಡು ಒಂದನೇ ತಾರೀಕಿಗೆ ಬರುವುದಿಲ್ಲ. ತೊಗರಿ ರಾಶಿಯಾಗಿ ಮಾರಾಟವಾಗುವುದು ಸಂಕ್ರಾಂತಿಯ ಆಸುಪಾಸು. ಹತ್ತಿ ದೀಪಾವಳಿ ಮುಂದಕ್ಕೆ. ಜೂನಿನಿಂದ ದೀಪಾವಳಿವರೆಗೆ ದುಡ್ಡು ಮನೆಯಿಂದ ಹೊರಗೆ ಹೋಗುವುದೇ ಹೊರತು ಒಳಗೆ ಬರುವುದಿಲ್ಲ: ಬೀಜ, ಗೊಬ್ಬರ, ಎಣ್ಣೆ, ಕಳೆ ತೆಗೆಯುವವರ ಕೂಲಿ. ಕಾಲೇಜು ಮುಗಿಸಿದವರು ಅಮೀರ್‌ಪೇಟೆಗೆ ಬಂದಿಳಿಯುವುದೂ ಸರಿಯಾಗಿ ಅದೇ ಜೂನ್, ಜುಲೈಗೆ. ‘ಹತ್ತಿ ಮಾರಿದ ಮ್ಯಾಗ ಕಳಸ್ತೀನಿ, ಅಲ್ಲೀತನ ತಡಕೋ ತಮ್ಮಾ’ ಎಂದು ನಮ್ಮಪ್ಪ ಫೋನಿನಲ್ಲಿ ಹೇಳಿದ್ದು ಸೆಪ್ಟೆಂಬರಿನಲ್ಲಿ. ನಡುವಿನ ತಿಂಗಳುಗಳಿಗೆ ಅವ್ವನ ಬೋರಮಾಳ ಸರ ಅಡವಿಗೆ ಹೋಯಿತು. ಈಗಿನ ಹುಡುಗರನ್ನು ಕೇಳಿದರೆ ಕೆಲವರ ಹಾಸ್ಟೆಲಿಗೆ ಅವ್ವನ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಕೆಲವರಿಗೆ ಮಹಿಳಾ ಸಂಘದ ಸಾಲ. ಇನ್ನು ಕೆಲವು ಮನೆಗಳಲ್ಲಿ ವಾರದ ಕಂತಿನ ಮೈಕ್ರೊಫೈನಾನ್ಸ್. ಮೊದಲ ಸಂಬಳ ಬರುವ ಹೊತ್ತಿಗೆ ಆ ಕಂತು ಎಷ್ಟೋ ವಾರಗಳಾಗಿ ಓಡುತ್ತಿರುತ್ತದೆ.

ಶೈಕ್ಷಣಿಕ ಸಾಲ ಇದ್ದವರಿಗೆ ಇನ್ನೊಂದು ಗಡಿಯಾರ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ನಿಯಮಕ್ಕೆ ಒಪ್ಪುವ ವೃತ್ತಿಪರ ಕೋರ್ಸಾದರೆ, ಓದುವಷ್ಟು ಕಾಲ ಮತ್ತು ಮುಗಿದ ಮೇಲೆ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ 2009ರಿಂದ ಇದೆ. ಗೊತ್ತಿದ್ದೂ ಕಾಗದ ಕೊಡದೆ ಬಿಟ್ಟವರನ್ನು ನೋಡಿದ್ದೇನೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರಕ್ಕೆ ಓಡಾಡುವುದು ಬೇಸರ ಅಂತ. ಓಡಾಡಬೇಕು. ಆ ಒಂದು ವರ್ಷ ದಾಟಿದರೆ ಕಂತು ಶುರು. ನಾಲ್ಕು ಲಕ್ಷದ ಸಾಲ, ಶೇಕಡ 10ರ ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 5,300 ರೂಪಾಯಿ. ಕೆಲಸ ಸಿಗಲಿ ಬಿಡಲಿ. ಬ್ಯಾಂಕಿನಿಂದ ಫೋನು ಹೋಗುವುದು ಹುಡುಗನಿಗಲ್ಲ, ಜೊತೆಗೆ ಸಹಿ ಹಾಕಿದ ಅಪ್ಪನಿಗೆ.

ಕೈಯಲ್ಲಿರುವ ತಿಂಗಳುಗಳೇ ಯಾರು ಏನು ಕಲಿಯಬೇಕು ಎಂಬುದನ್ನೂ ಹೇಳಿಬಿಡುತ್ತವೆ. ಮ್ಯಾನ್ಯುಯಲ್ ಟೆಸ್ಟಿಂಗ್ ಕಲಿಯಲು ನಲವತ್ತೈದು ದಿನ ಸಾಕು. ಫುಲ್ ಸ್ಟ್ಯಾಕ್ ಜಾವಾ ಎಂದರೆ ಆರು ತಿಂಗಳು. ಡೇಟಾ ಸೈನ್ಸ್ ಎಂದರೆ ಅದಕ್ಕೂ ಹೆಚ್ಚು, ಮೇಲೆ ಗಣಿತ ಗಟ್ಟಿ ಇರಬೇಕು. ಮನೆಯವರು ಮೂರೇ ತಿಂಗಳು ಕೊಟ್ಟಿದ್ದರೆ ಟೆಸ್ಟಿಂಗ್, ಇಲ್ಲವೇ ಸಪೋರ್ಟ್. ನಮ್ಮ ಭಾಗದವರಲ್ಲಿ ರಾತ್ರಿ ಪಾಳಿಯ ಸಪೋರ್ಟಿನವರು ಇಷ್ಟೊಂದು ಯಾಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇಷ್ಟೇ: ಅದು ಬೇಗ ಸಿಗುತ್ತದೆ, ಶಿಫ್ಟ್ ಅಲೋವೆನ್ಸ್ ಬೇರೆ ಬರುತ್ತದೆ. ಅಲ್ಲಿಂದ ಮೇಲೇರಿದವರಿದ್ದಾರೆ. ಬೆಳಗಿನ ಆರಕ್ಕೆ ಪಾಳಿ ಮುಗಿಸಿ ಏಳೂವರೆಯ ಸೆಲೆನಿಯಂ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ, ಎರಡು ವರ್ಷದಲ್ಲಿ ಆಟೊಮೇಷನ್‌ಗೆ ಜಿಗಿದವರು. ಅವರ ಮುಂದೆ, ಆರು ತಿಂಗಳು ನಿಶ್ಚಿಂತೆಯಿಂದ ಓದಿ ಡೆವಲಪರ್ ಆದವನ ಪ್ರತಿಭೆಯನ್ನು ಹೊಗಳಲು ನನಗೆ ನಾಲಗೆ ಏಳುವುದಿಲ್ಲ.

ಹುಡುಗಿಯರ ತಿಂಗಳುಗಳು ಇನ್ನೂ ಕಡಿಮೆ. ದುಡ್ಡು ಇದ್ದರೂ ಕಡಿಮೆ. ಶಹಾಪುರ ಕಡೆಯ ಹುಡುಗಿಯೊಬ್ಬಳು ನಮ್ಮ ತಂಡದಲ್ಲಿದ್ದಳು. ಅವಳನ್ನು ಕಳಿಸುವಾಗ ಮನೆಯಲ್ಲಿ ಕೊಟ್ಟ ಮಾತು ‘ದಸರಾತನ’ ಎಂದು. ದಸರಾ ಆದ ಮೇಲೆ ವರ ನೋಡುವುದು. ಹೈದರಾಬಾದಿನಲ್ಲಿ ಇರುವಷ್ಟು ದಿನ ಸೋದರಮಾವ ಹದಿನೈದು ದಿನಕ್ಕೊಮ್ಮೆ ಹಾಸ್ಟೆಲಿಗೆ ಬಂದು ನೋಡಿ ಹೋಗುತ್ತಿದ್ದರು. ಅವಳು ಮೊದಲ ದಿನವೇ ಕೇಳಿದ್ದು ‘ಯಾವುದು ಬೇಗ ಮುಗೀತದ?’ ಅಂತೆ. ಟೆಸ್ಟಿಂಗ್ ಕಲಿತು ದಸರೆಗೆ ಹನ್ನೊಂದು ದಿನ ಇರುವಾಗ ಸಣ್ಣ ಕಂಪನಿಯೊಂದರಲ್ಲಿ ಆಫರ್ ಪಡೆದಳು. ಸಂಬಳ ಹಾಸ್ಟೆಲಿಗೂ ಊಟಕ್ಕೂ ಸರಿಹೋಗುವಷ್ಟು. ವರ್ಷ ಕಳೆದು ನಮ್ಮಲ್ಲಿಗೆ ಬಂದಾಗ ಮನೆಯವರು ವರ ನೋಡುವುದನ್ನು ನಿಲ್ಲಿಸಿರಲಿಲ್ಲ, ಆದರೆ ಹುಡುಗ ಹೈದರಾಬಾದಿನಲ್ಲೇ ಇರಬೇಕು ಎಂಬ ಷರತ್ತನ್ನು ಅವಳು ಹಾಕುವ ಹಾಗಾಗಿತ್ತು.

ಇನ್ನು ಕಂಪನಿಗಳ ಕಡೆಯ ನಿಯಮಗಳು. ಹತ್ತನೆಯ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇಕಡ 60 ಇರಬೇಕು ಎಂಬುದು ಕ್ಯಾಂಪಸ್ಸಿಗೆ ಬರುವ ಹಲವು ದೊಡ್ಡ ಕಂಪನಿಗಳ ರೂಢಿ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ, ಪಿಯುಸಿ ವಿಜ್ಞಾನದಲ್ಲಿ ಇಂಗ್ಲಿಷ್ ನೋಡಿ ಕಂಗಾಲಾದವರು ಎಲ್ಲಿ ಬೀಳುತ್ತಾರೆ ಎಂದು ಬಲ್ಲವರಿಗೆ ಗೊತ್ತು: ಪಿಯುಸಿಯ 57ರಲ್ಲಿ. ಆಮೇಲೆ ಬಿಇಯಲ್ಲಿ ಎಷ್ಟೇ ತೆಗೆದರೂ ಆ 57 ಬೆನ್ನು ಬಿಡುವುದಿಲ್ಲ. ಓದಿನ ನಡುವೆ ‘ಗ್ಯಾಪ್’ ಇರಬಾರದು ಎಂಬುದು ಇನ್ನೊಂದು. ಫೀಸಿಗೆ ದುಡ್ಡು ಜೋಡಿಸಲು ಒಂದು ವರ್ಷ ಪೆಟ್ರೋಲ್ ಬಂಕಿನಲ್ಲೋ ಅಂಗಡಿಯಲ್ಲೋ ದುಡಿದ ಹುಡುಗನ ಬಯೋಡೇಟಾದಲ್ಲಿ ಆ ವರ್ಷ ಬರೀ ಖಾಲಿ ಜಾಗವಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಅದು ಅನುಭವದ ಕಾಲಮ್ಮಿನಲ್ಲಿ ಬರಬೇಕಾದ್ದು. 2022ರ ನಂತರದ ಎರಡು ವರ್ಷ ಇದಕ್ಕಿಂತ ದೊಡ್ಡ ಕಷ್ಟ ಬಂತು. ಆಫರ್ ಲೆಟರ್ ಕೈಯಲ್ಲಿದೆ, ಜಾಯಿನಿಂಗ್ ತಾರೀಕು ಬರುತ್ತಿಲ್ಲ. ಊರಲ್ಲಿ ಪೇಡೆ ಹಂಚಿ ಆಗಿದೆ, ಸಾಲ ಕೊಟ್ಟವರಿಗೂ ಸುದ್ದಿ ಮುಟ್ಟಿದೆ. ವರ್ಷಗಟ್ಟಲೆ ಹಾಗೆ ಕಾದವರಲ್ಲಿ ನಮ್ಮವರೂ ಇದ್ದರು.

ಇಂಥ ಹೊತ್ತಿನಲ್ಲೇ ಅಮೀರ್‌ಪೇಟೆಯ ಇನ್ನೊಂದು ಬಾಗಿಲು ತೆರೆಯುವುದು. ಅದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು, ಯಾಕೆಂದರೆ ಊರಿನಲ್ಲಿರುವ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ. ಚಹಾ ಅಂಗಡಿಯಲ್ಲಿ, ಹಾಸ್ಟೆಲಿನ ಮೆಟ್ಟಿಲಿನಲ್ಲಿ ಯಾರೋ ಮೆಲ್ಲಗೆ ಹೇಳುತ್ತಾರೆ: ಫ್ರೆಶರ್ ಅಂತ ಎಷ್ಟು ದಿನ ಅಲೀತೀ, ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಇಟ್ಟುಬಿಡು. ಕನ್ಸಲ್ಟೆನ್ಸಿಯವನು ಹೆಸರಿಗೊಂದು ಕಂಪನಿಯ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತಾನೆ. ದುಡ್ಡು ಹೆಚ್ಚು ಕೊಟ್ಟರೆ ಕೆಲ ತಿಂಗಳ ಪಿಎಫ್ ಕೂಡ ಕಟ್ಟಿ ತೋರಿಸುತ್ತಾನೆ. ಇನ್ನೊಂದು ಬಗೆ ‘ಬ್ಯಾಕ್‌ಡೋರ್’: ಇಷ್ಟು ಲಕ್ಷ ಕೊಡು, ಒಳಗಿನವರನ್ನು ಹಿಡಿದು ಕೆಲಸಕ್ಕೆ ಸೇರಿಸುತ್ತೇನೆ ಎನ್ನುವುದು. ದುಡ್ಡು ತೆಗೆದುಕೊಂಡು ಎರಡು ತಿಂಗಳು ತರಬೇತಿಯ ನಾಟಕ ಆಡಿ ಬೀಗ ಹಾಕಿ ಓಡಿದ ಆಫೀಸುಗಳ ಮೇಲಿನ ದೂರುಗಳು ಇಲ್ಲಿನ ಪೊಲೀಸರಿಗೆ ಹೊಸವಲ್ಲ.

ಸುಳ್ಳು ಅನುಭವಕ್ಕೆ ಕೈಹಾಕುವವರೆಲ್ಲ ಮೋಸಗಾರರೆಂದು ಬರೆದು ಮುಗಿಸುವುದು ಸುಲಭ. ನಾನು ನೋಡಿದವರಲ್ಲಿ ಹೆಚ್ಚಿನವರು ಕೋಡ್ ಬರೆಯಬಲ್ಲವರೇ. ಅವರ ಬಳಿ ಇಲ್ಲದ್ದು ಇನ್ನಾರು ತಿಂಗಳು. ಕನ್ಸಲ್ಟೆನ್ಸಿಯವನು ಮಾರುವುದೂ ಅದನ್ನೇ. ಮೂರು ವರ್ಷವನ್ನು ಮೂರು ದಿನದಲ್ಲಿ ಕೊಡುತ್ತೇನೆ ಎನ್ನುತ್ತಾನೆ. ಆದರೆ ಆ ವರ್ಷಗಳು ಉಳಿಯುವುದಿಲ್ಲ. 2014ರಿಂದ ಪಿಎಫ್‌ಗೆ ಯುಎಎನ್ ಎಂಬ ಒಂದೇ ಸಂಖ್ಯೆ ಬಂದಿದೆ. ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಎಂಬುದು ಅದರಲ್ಲಿ ಕಾಣುತ್ತದೆ. ಸೇರಿದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ನಡೆಸುವ ಸಂಸ್ಥೆಗಳು ಅದನ್ನು, ಫಾರ್ಮ್ 16 ಅನ್ನು, ಅನುಭವ ಪತ್ರದ ಕಂಪನಿಯ ವಿಳಾಸವನ್ನು ತಾಳೆ ನೋಡುತ್ತವೆ. ಕೆಲವೊಮ್ಮೆ ಸಿಕ್ಕಿಬೀಳುವುದು ವರ್ಷದ ನಂತರ. ಅಷ್ಟರಲ್ಲಿ ಸಂಬಳ ನಂಬಿ ತಂಗಿಯ ಮದುವೆ ಗೊತ್ತಾಗಿರುತ್ತದೆ. ಒಂದು ಸಂಜೆ ಐಡಿ ಕಾರ್ಡ್ ಕಸಿದು ಹೊರಗೆ ಕಳಿಸುತ್ತಾರೆ, ರಿಲೀವಿಂಗ್ ಲೆಟರ್ ಕೊಡುವುದಿಲ್ಲ. ಆಗ ಅವನು ನಿಜವಾಗಿ ದುಡಿದ ವರ್ಷವೂ ಹೋಗುತ್ತದೆ. ಮೊದಲಿಗಿಂತ ಹಿಂದೆ ಬೀಳುತ್ತಾನೆ, ಈ ಬಾರಿ ಫ್ರೆಶರ್ ಎನ್ನುವ ಹಾಗೂ ಇಲ್ಲ.

ಕೆಲಸ ಸಿಕ್ಕಿತು ಎನ್ನಿ. ಮೊದಲ ಸಂಬಳ ಬರುವ ಮುಂಚೆ ಇನ್ನೊಂದೂವರೆ ತಿಂಗಳು, ಪಿಜಿಯವನಿಗೆ ಅಡ್ವಾನ್ಸು, ಬೂಟು. ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಫ್ರೆಶರ್ ಸಂಬಳ ಕೈಗೆ ಬರುವಾಗ ಇಪ್ಪತ್ತೈದು ಸಾವಿರದ ಒಳಹೊರಗೆ. ಅದರಲ್ಲಿ ಬ್ಯಾಂಕಿನ ಕಂತು, ಅಡವು ಬಿಡಿಸುವುದು, ಮನೆಗೆ ಕಳಿಸುವುದು. ಇಲ್ಲಿಗೆ ಕಷ್ಟ ಮುಗಿಯಿತೆಂದು ಯಶೋಗಾಥೆಗಳು ಪರದೆ ಎಳೆಯುತ್ತವೆ. ನಮ್ಮಲ್ಲಿ ಮುಂದಿನ ಐದಾರು ವರ್ಷವನ್ನು ಆಳುವುದು ಅದೇ ತಿಂಗಳ ಲೆಕ್ಕ. ಬಾಂಡ್ ಇದ್ದರೆ ಬಿಡುವ ಹಾಗಿಲ್ಲ. ಕೆಲಸ ಬಿಟ್ಟು ಆರು ತಿಂಗಳು ಹೊಸದು ಕಲಿಯುತ್ತೇನೆ ಎನ್ನುವ ಸಹೋದ್ಯೋಗಿಯ ಹಿಂದೆ ಅಪ್ಪನ ಪಿಂಚಣಿ ಇರುತ್ತದೆ. ಸ್ಟಾರ್ಟಪ್‌ಗೆ ಅರ್ಧ ಸಂಬಳಕ್ಕೆ ಹೋಗುವ ಧೈರ್ಯವೂ ಅಲ್ಲಿಂದಲೇ ಬರುವುದು. ನಮ್ಮವರು ಕೆಲಸ ಬದಲಿಸಿದರೆ ಶುಕ್ರವಾರ ಒಂದು ಕಡೆ ಬಿಟ್ಟು ಸೋಮವಾರ ಇನ್ನೊಂದು ಕಡೆ ಸೇರುತ್ತೇವೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕಂಪನಿಯ ಆರೋಗ್ಯ ವಿಮೆಗೆ ತಂದೆತಾಯಿಯನ್ನು ಸೇರಿಸುವ ಅವಕಾಶ ಇದ್ದರೆ, ಪ್ರೀಮಿಯಂ ಸಂಬಳದಿಂದ ಕಡಿದರೂ ಸರಿ, ಮೊದಲ ವರ್ಷವೇ ಸೇರಿಸಿ. ಕೂಡಿಟ್ಟ ತಿಂಗಳುಗಳನ್ನೆಲ್ಲ ಒಂದು ಆಪರೇಷನ್ ನುಂಗಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕಾಯುವ ತಿಂಗಳುಗಳಿಗೇ ದುಡ್ಡು ಕೊಡುವ ದಾರಿಗಳೂ ಕೆಲವು ಇವೆ. ಊರಿನ ಮಕ್ಕಳಿಗೆ ನಾನು ಮೊದಲು ಹೇಳುವುದು ಅವನ್ನೇ. ಬಿಸಿಎ, ಬಿಎಸ್‌ಸಿ ಮುಗಿಸಿದವರನ್ನು ತೆಗೆದುಕೊಂಡು, ಕೆಲಸ ಮಾಡಿಸುತ್ತಲೇ ತನ್ನ ಖರ್ಚಿನಲ್ಲಿ ಎಂ.ಟೆಕ್ ಓದಿಸುವ ವಿಪ್ರೋದ ಕಾರ್ಯಕ್ರಮ 1990ರ ದಶಕದಿಂದಲೂ ಇದೆ. ವರ್ಷಗಳ ಕರಾರು ಇರುತ್ತದೆ, ಶುರುವಿನ ಸ್ಟೈಪೆಂಡ್ ಕಡಿಮೆ. ಆದರೂ ಮನೆಯಿಂದ ದುಡ್ಡು ತರಿಸಬೇಕಾದ ತಿಂಗಳು ಒಂದೂ ಇಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಪಿಯುಸಿ ಮುಗಿದವರಿಗೆ ಎಚ್‌ಸಿಎಲ್‌ನ ಟೆಕ್‌ಬೀ ಇದೆ. ಬಿಇ ಆದವರು ಗೇಟ್ ಪಾಸಾಗಿ ಎಂ.ಟೆಕ್ ಸೇರಿದರೆ ಎಐಸಿಟಿಇಯಿಂದ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಅದನ್ನು ಮನೆಗೆ ಕಳಿಸಿದವರೂ ಇದ್ದಾರೆ. ನಮ್ಮ ಸರಕಾರದ ಯುವನಿಧಿ, ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ ಮೂರು ಸಾವಿರ, ಡಿಪ್ಲೊಮಾದವರಿಗೆ ಒಂದೂವರೆ ಸಾವಿರ, ಎರಡು ವರ್ಷದವರೆಗೆ. ಅರ್ಧ ಹಾಸ್ಟೆಲಿಗೂ ಸಾಲದು ಎಂದು ನಗುವವರಿದ್ದಾರೆ. ತೊಗರಿ ಮಾರುವ ಮುಂಚಿನ ತಿಂಗಳುಗಳಲ್ಲಿ ಮೂರು ಸಾವಿರ ಏನು ಎಂದು ಅವರಿಗೆ ಗೊತ್ತಿಲ್ಲ.

ಇನ್ನು ನೌಕರಿ ಹಿಡಿದು ಕೂತಿರುವ ನಾವು. ಊರಿನ ಗುಡಿಗೆ, ಶಾಲೆಯ ಕಾಂಪೌಂಡಿಗೆ ಚಂದಾ ಕೊಡುತ್ತೇವೆ, ಸಂತೋಷ. ಕೂಕಟ್‌ಪಲ್ಲಿಯಲ್ಲಿ ನಾವು ನಾಲ್ಕು ಮಂದಿ ಬಾಡಿಗೆಗೆ ಇರುವ ಮನೆಯಲ್ಲಿ ಐದನೆಯ ಮಂಚ ಒಂದಿದೆ. ಅದಕ್ಕೆ ಬಾಡಿಗೆ ಇಲ್ಲ. ಊರಿಂದ ಬಂದವರು ಆರು ತಿಂಗಳು ಇರಬಹುದು. ಅಡುಗೆಯವಳ ಸಂಬಳದಲ್ಲಿ, ಅಕ್ಕಿ ಬೇಳೆಯಲ್ಲಿ ಪಾಲು ಕೇಳುವುದಿಲ್ಲ, ಪಾತ್ರೆ ಮಾತ್ರ ತೊಳೆಯಬೇಕು. ಹಿಂದಿದ್ದವನು ಕೆಲಸ ಸಿಕ್ಕ ಮೇಲೆ ಮೂರು ತಿಂಗಳು ಅಕ್ಕಿ ತಂದು ಹಾಕುವುದು ಯಾರೂ ಹೇಳದೆ ಬಂದ ಪದ್ಧತಿ. ಅಲ್ಲಿ ಮಲಗಿ ಎದ್ದವರು ಇಲ್ಲಿಯವರೆಗೆ ಏಳು ಜನ. ಐವರು ಸಾಫ್ಟ್‌ವೇರ್‌ನಲ್ಲಿದ್ದಾರೆ. ಒಬ್ಬ ಪಿಎಸ್‌ಐ ಪರೀಕ್ಷೆ ಬರೆಯುತ್ತೇನೆಂದು ಧಾರವಾಡಕ್ಕೆ ಹೋದ. ಏಳನೆಯವನು ದೇವದುರ್ಗದ ಕಡೆಯವನು. ಜುಲೈನಲ್ಲಿ ಬಂದಿದ್ದಾನೆ, ಪಿಯುಸಿಯಲ್ಲಿ ಶೇಕಡ 57, ಜಾವಾ ಚೆನ್ನಾಗಿ ಮಾಡುತ್ತಾನೆ. ಎರಡು ಕಡೆ ಮೊದಲ ಸುತ್ತು ದಾಟಿ ನಿಂತಿದ್ದಾನೆ. ಅವರ ಅವ್ವ ಮೊನ್ನೆ ನನಗೇ ಫೋನು ಹಚ್ಚಿದ್ದರು. ‘ಇನ್ನ ಎಷ್ಟ್ ತಿಂಗ್ಳು ಬೇಕಾಗತೈತ್ರೀ ಅಣ್ಣಾರ?’ ಎಂದರು. ಸಂಕ್ರಾಂತಿವರೆಗೆ ಇಲ್ಲಿಯ ಚಿಂತೆ ಬಿಡ್ರಿ, ಕಂತು ಕಟ್ಟೋದು ಅಷ್ಟ ನೋಡಕೋರಿ ಎಂದೆ.